ಅಡುಗೆಯ ಮರ್ಲ್ ಮತ್ತು ಚಟ್ನಿಯ ಮಾತ್ರೆ

ಉಣ್ಣೆ ಕತ್ತರಿಸುವ ತಂಡಕ್ಕೆ ಅಡುಗೆ ಮಾಡಿ ಹಾಕುವುದು ಹುಡುಗಾಟವಲ್ಲ. ಹಾಗಂತ ಮರ್ಲ್ ಟ್ರೆವಾರೋ ಎದುರಿಗೆ ಹೇಳಿದರೆ, "ನಿಂಗೇನು ಗೊತ್ತು ಡೆಸ್, ಒಂದು ಮೊಟ್ಟೆ ಬೇಯ್ಸೋಕೆ ಬರಲ್ಲ ನಿಂಗೆ" ಎನ್ನುತ್ತಾಳೆ. ನಿಜ, ಬರುವುದಿಲ್ಲ. ಕತ್ತರಿ ಹುಡುಗರ ತಂಡ ಕಟ್ಟಿಕೊಂಡು ಪೀಟರ್‌ಬರೋದಿಂದ ಉತ್ತರಕ್ಕೆ ಕುರಿ ಫಾರಂನಿಂದ ಕುರಿ ಫಾರಂಗೆ ಅಲೆಯುವುದು ನನ್ನ ಕಸುಬು. ಗುತ್ತಿಗೆ ಹಿಡಿಯುವುದು, ಉಣ್ಣೆಯ ದರ್ಜೆ ನೋಡುವುದು, ಫಾರಂ ಮಾಲೀಕರ ಜೊತೆ ಜಗಳ ಆಡುವುದು ಇವೆಲ್ಲ ನನಗೆ ಬರುತ್ತವೆ. ಆದರೆ ಅಡುಗೆಯವಳು ಚೆನ್ನಾಗಿಲ್ಲದಿದ್ದರೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಊಟ ಕೆಟ್ಟರೆ ಎಂಥ ಗಟ್ಟಿ ತಂಡವೂ ಒಂದು ವಾರದೊಳಗೆ ಚದುರಿಹೋಗುತ್ತದೆ.

ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಗಂಟೆ ಹೊಡೆಯುವ ಮೊದಲು ಕುರಿಮಾಂಸದ ಚಾಪ್ಸ್ ಮತ್ತು ಮೊಟ್ಟೆ ಆಗಿರಬೇಕು. ಬೆಳಗಿನ ಪಾಳಿ ಮುಗಿದೊಡನೆ ಸ್ಮೋಕೋ, ಅಂದರೆ ಬಕೆಟ್ಟಿನಷ್ಟು ಚಹಾ, ಸ್ಯಾಂಡ್‌ವಿಚ್, ಕೇಕು. ಮಧ್ಯಾಹ್ನ ಬಿಸಿ ಊಟ, ಆಮೇಲೆ ಇನ್ನೊಂದು ಸ್ಮೋಕೋ, ಸಂಜೆ ಹುರಿದ ಮಾಂಸ. ಗಂಟೆ ಯಾರಿಗೂ ಕಾಯುವುದಿಲ್ಲ. ಮರ್ಲ್ ಈ ಕೆಲಸಕ್ಕೆ ಬಂದದ್ದೇ ಅವಳ ಗಂಡ ಲೆನ್ ಕತ್ತರಿ ಹಿಡಿಯುತ್ತಿದ್ದ ಕಾಲದಲ್ಲಿ, ಆಗಿನ ಅಡುಗೆಯವನು ಕುಡಿದು ಓಡಿಹೋದ ದಿನ. ಲೆನ್ ಬೆನ್ನು ಮುರಿದುಕೊಂಡು ಕೆಲಸ ಬಿಟ್ಟ, ಕೆಲವು ವರ್ಷದ ಮೇಲೆ ತೀರಿಯೂ ಹೋದ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಮರ್ಲ್ ಮುಂದಿನ ಶೆಡ್ಡಿನ ಕೆಲಸಕ್ಕೆ ಸರಿಯಾಗಿ ಬಂದು ಒಲೆ ಹಚ್ಚಿದಳು. ಅಂದಿನಿಂದ ಒಂದೇ ಒಂದು ಹೊತ್ತಿನ ಊಟ ತಪ್ಪಿಸಿದವಳಲ್ಲ, ತಡ ಮಾಡಿದವಳೂ ಅಲ್ಲ. ಅದು ಅವಳ ಜಂಬ. ಜಂಬ ಪಡುವುದರಲ್ಲಿ ತಪ್ಪೇನಿಲ್ಲ, ನಾವೆಲ್ಲ ಅದರಿಂದಲೇ ಹೊಟ್ಟೆ ಹೊರೆದದ್ದು.

ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಬೂಟು ಹಾಕಿಕೊಂಡು ಅಡುಗೆಮನೆಗೆ ಕಾಲಿಟ್ಟವನಿಗೆ ಸೌಟಿನ ರುಚಿ ತೋರಿಸುತ್ತಾಳೆ. ಆ ಮನೆಯೊಳಗೆ ಕೇಳದೆ ಬರುವ ಹಕ್ಕು ಇದ್ದದ್ದು ಚಟ್ನಿಗೆ ಒಂದಕ್ಕೇ.

ಚಟ್ನಿ ಒಂದು ಗಂಡು ಬೆಕ್ಕು. ಯಾವುದೋ ಫಾರಂನ ಹಿಟ್ಟಿನ ಡಬ್ಬದ ಹಿಂದೆ ಸಿಕ್ಕ ಮರಿ. ಮರ್ಲ್ ವರ್ಷವರ್ಷ ಸಕ್ಕರೆ ಹಾಕಿ ಕುದಿಸಿ ಭರಣಿಗೆ ತುಂಬುವ ಟೊಮೇಟೊ ಕಾಯಿ ಚಟ್ನಿಯ ಬಣ್ಣವೇ ಅದರ ಮೈಗೂ, ಒಂಥರಾ ಕಂದು, ಒಂಥರಾ ಹಳದಿ. ಹುಡುಗರು ಚಟ್ನಿ ಎಂದರು, ಹೆಸರು ನಿಂತಿತು. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಪಂಜರದೊಳಗೆ ಕೂತು ಮರ್ಲ್ ಹೋದಲ್ಲೆಲ್ಲ ಹೋಗುತ್ತಿತ್ತು. ನನಗೆ ಬೆಕ್ಕುಗಳ ಮೇಲೆ ಅಂಥ ಪ್ರೀತಿಯೇನಿಲ್ಲ. ಕಾಡು ಬಿದ್ದ ಬೆಕ್ಕುಗಳು ಹಕ್ಕಿ, ಸಣ್ಣ ಪ್ರಾಣಿಗಳನ್ನು ತಿಂದು ನಮ್ಮ ಕಡೆ ಮಾಡುವ ಹಾಳು ಸ್ವಲ್ಪವಲ್ಲ. ಆದರೂ ಚಟ್ನಿ ಬೇರೆ. ಅದು ನಮ್ಮ ತಂಡದ್ದು.

ಈ ಚಟ್ನಿಗೆ ಹೋದ ವರ್ಷ ಉಬ್ಬಸ ಹಿಡಿಯಿತು. ಉಣ್ಣೆಯ ಧೂಳು ತುಂಬಿದ ಶೆಡ್ಡಿನೊಳಗೆ ಮಲಗುವ ಚಾಳಿ ಅದಕ್ಕೆ. ನೆಲಕ್ಕೆ ಮೈ ಒತ್ತಿ, ಕತ್ತು ಚಾಚಿ, ಗೊರಗೊರ ಕೆಮ್ಮುತ್ತಿತ್ತು. ಪೀಟರ್‌ಬರೋದಲ್ಲಿ ಪ್ರಾಣಿಗಳ ಡಾಕ್ಟರು ಪ್ರಿಸ್ಕಾ ನೋಸ್ಕೆ ಎಂಬ ಹೆಣ್ಣುಮಗಳು ಇದ್ದಾಳೆ. ಅವಳೂ ಕುರಿ ಫಾರಂನಲ್ಲೇ ಬೆಳೆದವಳು. ಅವಳು ಸ್ಟೆರಾಯ್ಡ್ ಮಾತ್ರೆ ಕೊಟ್ಟಳು. "ತಪ್ಪಿಸದೆ ಕೊಡಿ. ನಿಲ್ಲಿಸೋದಿದ್ರೆ ನನ್ನ ಕೇಳಿ ನಿಲ್ಸಿ, ನಿಮಗೇ ತೋಚಿದ ಹಾಗೆ ನಿಲ್ಲಿಸಬೇಡಿ" ಎಂದೂ ಹೇಳಿದಳು. ಮರ್ಲ್ ತಲೆಯಾಡಿಸಿದಳು. ನಾನೇ ಪಕ್ಕದಲ್ಲಿದ್ದೆ.

ಮಾತ್ರೆ ಮಾಡಿದ ಮಾಯ ನೋಡಬೇಕಿತ್ತು. ಪುಡಿ ಮಾಡಿ ಕುರಿಯ ಕೊಬ್ಬಿನಲ್ಲಿ ಕಲಸಿ ದಿನಾ ತಿನ್ನಿಸಿದಳು. ಕೆಮ್ಮು ಹೋಯಿತು. ಹಸಿವು ಹೆಚ್ಚಿತು, ಬಟ್ಟಲುಗಟ್ಟಲೆ ನೀರು ಕುಡಿಯಿತು, ಹೊಟ್ಟೆ ಜೋತುಬಿತ್ತು. ಚಳಿಗಾಲದ ಶೆಡ್ಡುಗಳು ಶುರುವಾಗುವ ಹೊತ್ತಿಗೆ ಚಟ್ನಿ ಫಾರಂ ಮಾಲೀಕರ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ಓಡಾಡುತ್ತಿತ್ತು.

ಎಡವಟ್ಟಾದದ್ದು ಇಲ್ಲಿಯೇ. ನಮ್ಮ ಕುರಿ ಸೀಮೆಯ ಜನಕ್ಕೆ ಔಷಧಿ ಎಂದರೆ ಒಳಗೊಳಗೇ ಅನುಮಾನ. ಹುಳಕ್ಕೆಂದು ಔಷಧಿ ಕುಡಿಸಿದ ಕುರಿಯನ್ನು, ಅದರ ಮೈಯಿಂದ ಔಷಧಿ ಪೂರ್ತಿ ಇಳಿಯುವ ತನಕ ಕಟುಕರಿಗೆ ಕೊಡುವ ಹಾಗಿಲ್ಲ. ಹುಟ್ಟಿದಾಗಿನಿಂದ ನಾವು ಕಂಡದ್ದು ಅದೇ. ಪ್ರಾಣಿ ಎದ್ದು ನಿಂತಿತೋ, ಔಷಧಿ ಬಂದ್. ಎಷ್ಟು ಬೇಗ ನಿಲ್ಲಿಸಿದರೆ ಅಷ್ಟು ಬೇಗ ಮೈ ಚೊಕ್ಕ. ಚಟ್ನಿ ಗುಂಡುಕಲ್ಲಿನ ಹಾಗೆ ಇದೆ, ಇನ್ನೇನು ಹೊಸ ಶೆಡ್ಡಿಗೆ ಹೊರಡಬೇಕು, ಮೈಯೊಳಗೆ ಯಾಕೆ ಆ ವಿಷ ಎಂದುಕೊಂಡ ಮರ್ಲ್, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟಳು. ಒಂದು ದಿನ ಪೂರ್ತಿ ಮಾತ್ರೆ, ಮಾರನೆ ದಿನ ಏನೂ ಇಲ್ಲ.

ಆಮೇಲೆ ನಾವು ಬ್ಲ್ಯಾಕ್ ಓಕ್ ಫಾರಂಗೆ ಹೊರಟೆವು. ಆ ದಾರಿ ಬಟ್ಟೆ ಒಗೆಯುವ ಗೀರುಗೀರು ಹಲಗೆಯಂತೆ ಉಬ್ಬುತಗ್ಗು, ಹಲ್ಲು ಕಟಕಟ ಎನ್ನುತ್ತದೆ. ಹೋಗಿ ಇಳಿದರೆ ತಂಡದ ಬಿಡಾರದ ಪಕ್ಕದಲ್ಲೇ ಮಾಲೀಕ ಗ್ರೇಮ್ ಹೈನ್ರಿಕ್ ತನ್ನ ಕುರಿನಾಯಿಗಳನ್ನು ಕಟ್ಟಿದ್ದ. ಬೆಕ್ಕಿನ ವಾಸನೆ ಹತ್ತಿದ್ದೇ ಅವು ಬೊಗಳಲು ಶುರುಮಾಡಿದವು, ನಿಲ್ಲಿಸಲಿಲ್ಲ. ಚಟ್ನಿ ಮಂಚದ ಕೆಳಗೆ ಸೇರಿಕೊಂಡಿತು. ಮೊದಲ ದಿನ ಊಟ ಬಿಟ್ಟಿತು. ಮರುದಿನ ವಾಂತಿ. ಅದರ ಮರುದಿನ ಬೆಳಿಗ್ಗೆ ನಾನು ಚಹಾಕ್ಕೆಂದು ಅಡುಗೆಮನೆಗೆ ಹೋದರೆ ಮರ್ಲ್ ಒಲೆಯ ಮುಂದೆ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಟವಲಿನಲ್ಲಿ ಸುತ್ತಿದ ಚಟ್ನಿ. ಒಲೆಯ ಮೇಲೆ ಚಾಪ್ಸ್ ತನ್ನ ಪಾಡಿಗೆ ಚುಂಯ್‌ಗುಟ್ಟುತ್ತಿತ್ತು.

"ಮೈ ತಣ್ಣಗಿದೆ ಕಣೋ ಡೆಸ್," ಎಂದಳು. "ಒಲೆ ಮುಂದೆ ಕೂತ್ರೂ ತಣ್ಣಗಿದೆ. ಕತ್ತು ನಿಲ್ತಾ ಇಲ್ಲ."

"ಮತ್ತೆ ಉಬ್ಬಸಾನಾ?"

"ಇಲ್ಲ, ಉಸಿರು ಸರಿಯಾಗೇ ಇದೆ. ಅದೇ ಅರ್ಥ ಆಗ್ತಿಲ್ಲ."

"ಹಂಗಾದ್ರೆ ಏಳು, ಹೊರಡು. ಗಾಡಿ ತಗೊಂಡು ಈಗಲೇ ಪೀಟರ್‌ಬರೋಗೆ ಹೋಗು."

"ಮಧ್ಯಾಹ್ನದ ಊಟ ಯಾರು ಹಾಕ್ತಾರೆ? ನೀನಾ?"

"ಒಂದು ದಿನ ಬ್ರೆಡ್ ತಿಂದ್ರೆ ಯಾರೂ ಸಾಯಲ್ಲ."

"ಶೆಡ್ಡು ನಡೀತಾ ಇರೋವಾಗ ನಾನು ಒಲೆ ಬಿಟ್ಟು ಹೋದೋಳಲ್ಲ. ಲೆನ್ ಆಸ್ಪತ್ರೇಲಿ ಇದ್ದಾಗ್ಲೂ ಹೋಗಲಿಲ್ಲ. ಈಗ ಬೆಕ್ಕಿಗೋಸ್ಕರ ಹೋದ್ಲು ಅಂತ ಊರೆಲ್ಲ ಆಡ್ಕೊಳ್ಳೋದು ಬೇಡ." ಚಟ್ನಿಯನ್ನು ಒಲೆಯ ಪಕ್ಕದ ಪೆಟ್ಟಿಗೆಯಲ್ಲಿಟ್ಟು ಎದ್ದಳು, ಚಾಪ್ಸ್ ಮಗುಚಿದಳು. ನನಗೆ ಅವಳ ಮೇಲೆ ಕೋಪ ಬಂತು, ಕಣ್ಣಲ್ಲಿ ನೀರೂ ಬಂತು. ಇಂಥ ಹಟಮಾರಿ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಾಗಿಲಲ್ಲಿ ನಿಂತಿದ್ದ ಹೋನೆ ಇದನ್ನೆಲ್ಲ ಕೇಳಿಸಿಕೊಂಡ. ಹೋನೆ ನ್ಯೂಜಿಲೆಂಡಿನ ಮಾವೊರಿ, ಬಾಗಿಲು ತುಂಬುವಷ್ಟು ದೊಡ್ಡ ಮೈ, ನಮ್ಮ ಕತ್ತರಿ ಹುಡುಗರ ಪ್ರತಿನಿಧಿ. ತನ್ನ ತಟ್ಟೆ ಎತ್ತಿಕೊಂಡು ಹೋದ.

ಗಂಟೆ ಹೊಡೆಯುವ ಮೊದಲು ಶೆಡ್ಡಿನಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಆಗ ಹೋನೆ ನನ್ನ ಹತ್ತಿರ ಬಂದು ಗಂಭೀರವಾಗಿ, "ಡೆಸ್, ಕುರಿ ಒದ್ದೆ ಇರೋ ಹಾಗಿದೆ. ಹುಡುಗರು ಓಟು ಕೇಳ್ತಿದಾರೆ" ಎಂದ.

ಇದು ನಮ್ಮ ಕಸುಬಿನ ಹಳೇ ಕಟ್ಟಳೆ. ಒದ್ದೆ ಉಣ್ಣೆ ಕತ್ತರಿಸಿದರೆ ಕೈಕಾಲು ಹಿಡಿದುಕೊಳ್ಳುತ್ತವೆ, ಮೈಮೇಲೆ ಕುರು ಏಳುತ್ತವೆ. ಅದಕ್ಕೇ ಅನುಮಾನ ಬಂದಾಗ ಕತ್ತರಿ ಹಿಡಿಯುವವರೆಲ್ಲ ಚೀಟಿಯಲ್ಲಿ ಒದ್ದೆ ಅಥವಾ ಒಣ ಎಂದು ಬರೆದು ಹಾಕುತ್ತಾರೆ. ಒದ್ದೆ ಗೆದ್ದರೆ ಅವತ್ತು ಕೆಲಸವಿಲ್ಲ, ಕೂಲಿಯೂ ಇಲ್ಲ. ಮಾಲೀಕ ತಲೆ ಕೆಳಗಾಗಿ ನಿಂತರೂ ಆ ತೀರ್ಮಾನ ಬದಲಾಗುವುದಿಲ್ಲ.

ಆದರೆ ಬ್ಲ್ಯಾಕ್ ಓಕ್‌ನಲ್ಲಿ ಮಳೆ ಬಂದು ತಿಂಗಳಾಗಿತ್ತು. ಇಬ್ಬನಿಯ ಒಂದು ಹನಿ ಇರಲಿಲ್ಲ. ಕುರಿಗಳ ಬೆನ್ನು ತಟ್ಟಿದರೆ ಧೂಳು ಏಳುತ್ತಿತ್ತು. ಪಕ್ಕದಲ್ಲಿದ್ದ ಹೈನ್ರಿಕ್ ತನ್ನ ಕಿವಿಯನ್ನು ತಾನೇ ನಂಬಲಿಲ್ಲ.

"ಒದ್ದೆನಾ? ಬಿಸ್ಕತ್ತಿನ ಹಾಗೆ ಒಣಗಿವೆಯಲ್ಲಯ್ಯಾ! ಕಣ್ಣೇನಾದ್ರೂ ಹೋಗಿದ್ಯಾ ನಿಮಗೆ?"

"ಕೈಗೆ ತೇವ ಹತ್ತುತ್ತೆ," ಎಂದ ಹೋನೆ. "ಕಟ್ಟಳೆ ಕಟ್ಟಳೇನೇ."

ನನಗೆ ಅರ್ಥವಾಯಿತು. ನಗು ಬಂತು, ಕೆಮ್ಮಿದ ಹಾಗೆ ಮಾಡಿದೆ. ಹುಡುಗರು ಒಬ್ಬೊಬ್ಬರಾಗಿ ಬಂದು ನನ್ನ ಟೋಪಿಯೊಳಗೆ ಚೀಟಿ ಹಾಕಿದರು. ಮದುವೆ ಗೊತ್ತಾಗಿರುವವನು, ಹೊಸ ಗಾಡಿಯ ಕಂತು ಕಟ್ಟುತ್ತಿರುವವನು, ಎಲ್ಲರೂ. ಬಿಡಿಸಿ ಓದಿದೆ. ಒದ್ದೆ. ಒದ್ದೆ. ಎಲ್ಲವೂ ಒದ್ದೆ. ಒಬ್ಬ ಪುಣ್ಯಾತ್ಮನಂತೂ 'ತುಂಬಾ ಒದ್ದೆ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ.

ಹೈನ್ರಿಕ್ ಬಾಯಿಗೆ ಬಂದದ್ದೆಲ್ಲ ಅಂದ. ಕಂಡ ಕಂಡ ಬೆಕ್ಕಿಗೆ ಗುಂಡು ಹೊಡೆಯುವ ಮನುಷ್ಯ ಅವನು. ಎಲ್ಲ ಬೈದು ಮುಗಿಸಿ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಮರ್ಲ್ ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎದೆಗೆ ಅವಚಿಕೊಂಡ ಟವಲು. ಹೈನ್ರಿಕ್ ಜೇಬಿನಿಂದ ತನ್ನ ಗಾಡಿಯ ಕೀಲಿ ತೆಗೆದು ನನ್ನ ಕಡೆ ಎಸೆದ.

"ನಿನ್ನ ಡಕೋಟಾ ಗಾಡೀಲಿ ಹೋದ್ರೆ ಸಂಜೆ ಆಗುತ್ತೆ. ನನ್ನದ್ರಲ್ಲಿ ಹೀಟರ್ ಇದೆ. ಹಾಳಾಗಿ ಹೋಗಿ ಎಲ್ಲಾರೂ."

ಮರ್ಲ್ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. ಹೋನೆಯ ಮುಂದೆ ಹಾದುಹೋಗುವಾಗ ಅವನು, "ಏನ್ ಮಾಡೋದು ಆಂಟಿ, ಕುರಿ ಒದ್ದೆ. ಇವತ್ತು ಅಡುಗೆ ಬೇಕಾಗಿಲ್ಲ" ಎಂದ. ಅವಳು ಅವನ ಮುಖ ನೋಡಲಿಲ್ಲ. ನೋಡಿದ್ದರೆ ಅಳು ಬಂದುಬಿಡುತ್ತಿತ್ತು.

ಗಾಡಿ ನಾನು ಓಡಿಸಿದೆ, ದಾರಿಯುದ್ದಕ್ಕೂ ಅವಳ ಬೆರಳು ಚಟ್ನಿಯ ಪಕ್ಕೆಯ ಮೇಲೇ ಇತ್ತು. ಡಾಕ್ಟರು ಪ್ರಿಸ್ಕಾ ಮುಟ್ಟಿ ನೋಡಿದಳು, ತುಟಿ ಎತ್ತಿ ಒಸಡು ನೋಡಿದಳು, ಮೊದಲ ಪ್ರಶ್ನೆಯೇ, "ಮಾತ್ರೆ ಯಾವಾಗ ನಿಲ್ಲಿಸಿದ್ರಿ?"

ಮರ್ಲ್ ಅವಳನ್ನೇ ನೋಡಿದಳು. "ಗುಣ ಆಗಿತ್ತಲ್ಲಮ್ಮ. ಗುಣ ಆದ್ಮೇಲೆ ಯಾಕೆ ಅಂತ..."

"ಒಂದೇ ಸಲ ನಿಲ್ಲಿಸಿದ್ರಾ?"

"ಒಂದೇ ಸಲ."

ಪ್ರಿಸ್ಕಾ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಸೂಜಿ ಚುಚ್ಚಿ ಔಷಧಿ ಕೊಟ್ಟಳು, ರಕ್ತ ತೆಗೆದುಕೊಂಡಳು, ಮುಂಗಾಲಿಗೆ ಡ್ರಿಪ್ ಹಾಕಿದಳು, ಚಟ್ನಿಯ ಸುತ್ತ ಬಿಸಿನೀರಿನ ಚೀಲ ಇಟ್ಟಳು. ಅದೆಲ್ಲ ಆದ ಮೇಲೆ ಕುರ್ಚಿ ಎಳೆದುಕೊಂಡು ಮರ್ಲ್ ಎದುರು ಕೂತಳು.

"ನೋಡಿ ಮರ್ಲ್. ಕಿಡ್ನಿ ಪಕ್ಕದಲ್ಲಿ ಅಲಸಂದೆ ಕಾಳಿನಷ್ಟು ಒಂದು ಗ್ರಂಥಿ ಇರುತ್ತೆ, ಆ ಕಡೆ ಒಂದು, ಈ ಕಡೆ ಒಂದು. ಹೆದರಿಕೆ, ಪ್ರಯಾಣ, ಕಾಯಿಲೆ, ಏನೇ ಕಷ್ಟ ಬಂದ್ರೂ ಮೈ ತಡ್ಕೋಬೇಕಲ್ಲ, ಅದಕ್ಕೆ ಬೇಕಾದ ರಸ ಅಲ್ಲೇ ತಯಾರಾಗೋದು. ಇಷ್ಟು ಬೇಕು ಅಂತ ಆರ್ಡರ್ ಕೊಡೋದು ತಲೆ. ನಾನು ಕೊಟ್ಟ ಮಾತ್ರೆ ಅದೇ ಜಾತೀದು. ಹೊರಗಿಂದ ದಿನಾ ಬಂದು ಬೀಳ್ತಾ ಇದ್ರೆ ತಲೆ ಏನು ತಿಳ್ಕೊಳ್ಳುತ್ತೆ? ಸಾಕಷ್ಟಿದೆ, ಇನ್ನು ಬೇಡ ಅಂತ. ಆರ್ಡರ್ ನಿಂತುಹೋಗುತ್ತೆ. ಗ್ರಂಥಿ ಕೆಲ್ಸ ಇಲ್ದೆ ಮುದುಡಿಕೊಂಡು ಮಲಗಿಬಿಡುತ್ತೆ."

"ಆಗ ನಾನು ಮಾತ್ರೆ ನಿಲ್ಲಿಸಿದೆ."

"ಹೊರಗಿಂದೂ ಇಲ್ಲ, ಒಳಗಿಂದೂ ಇಲ್ಲ. ಅದ್ರ ಮೇಲೆ ಆ ದಾರಿ, ಆ ನಾಯಿಗಳು."

ಮರ್ಲ್ ಮೆಲ್ಲಗೆ, "ಬರಗಾಲದಲ್ಲಿ ಕೈಯಾರೆ ಮೇವು ಹಾಕಿದ ಕುರಿ ಥರ" ಎಂದಳು. "ಗೇಟ್ ಹತ್ರಾನೇ ನಿಂತಿರ್ತವೆ. ಮೇಯೋದೇ ಮರ್ತಿರ್ತವೆ. ಮಳೆ ಬಂತು ಅಂತ ಅವತ್ತೇ ಮೇವು ನಿಲ್ಲಿಸಿದ್ರೆ ಹುಲ್ಲಿನ ಮಧ್ಯಾನೇ ಸಾಯ್ತವೆ. ನಮ್ಮಪ್ಪ ದಿನಾ ಒಂದೊಂದು ಹಿಡಿ ಕಮ್ಮಿ ಮಾಡ್ತಿದ್ದ."

"ಅದೇ. ನಾವು ಮಾಡ್ಬೇಕಾಗಿರೋದೂ ಅದೇ. ಇವತ್ತು ರಾತ್ರಿ ದಾಟಿದ್ರೆ."

ಬೆಕ್ಕನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಸಂಜೆ ಬ್ಲ್ಯಾಕ್ ಓಕ್‌ಗೆ ವಾಪಸಾದರೆ ಅಡುಗೆಮನೆ ರಣರಂಗ. ಹುಡುಗರು ಸಾಸೇಜು ಸುಡಲು ಹೋಗಿ ಮಸಿ ಮಾಡಿದ್ದರು, ಅವಳ ಒಳ್ಳೆ ಬಾಣಲೆಯ ತಳ ಹಿಡಿಸಿದ್ದರು, ನೆಲದ ಮೇಲೆಲ್ಲ ಬೂಟಿನ ಗುರುತು. ಬೇರೆ ದಿನವಾಗಿದ್ದರೆ ಕೊಲೆ ಆಗುತ್ತಿತ್ತು. ಮರ್ಲ್ ಏಪ್ರನ್ ಕಟ್ಟಿಕೊಂಡಳು, ತುಟಿ ಬಿಗಿ ಹಿಡಿದು ಬಾಣಲೆ ಉಜ್ಜಿದಳು, ಸಕ್ಕರೆ ಪಾಕದಲ್ಲಿ ಹಿಟ್ಟಿನ ಉಂಡೆ ಬೇಯಿಸಿದಳು. ತಂಡದಲ್ಲಿ ಎಲ್ಲರಿಗೂ ಪ್ರಾಣ ಅದೆಂದರೆ. ಮೊದಲ ಬಟ್ಟಲು ಹೋನೆಗೆ ಕೊಟ್ಟಳು. ಅವಳ ಧನ್ಯವಾದ ಅಷ್ಟೇ, ಅವನಿಗೂ ಅಷ್ಟು ಸಾಕಿತ್ತು.

ಚಟ್ನಿ ದಾಟಿತು. ಮಾರನೆ ದಿನ ಪ್ರಿಸ್ಕಾ ಫೋನು ಮಾಡಿ, ಬೆಕ್ಕು ತನ್ನ ನರ್ಸನ್ನು ಪರಚಿದೆ ಎಂದಳು. ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ತಟ್ಟಿತು. ಹೈನ್ರಿಕ್ ಮಾತ್ರ, "ನನ್ನ ಗಾಡಿ ಸೀಟಿಗೂ ಕೂದಲು ಮೆತ್ತಿದೆ" ಎಂದು ಗೊಣಗಿದ.

ಆಮೇಲಿನ ತಿಂಗಳುಗಳಲ್ಲಿ ಮರ್ಲ್ ಪ್ರಿಸ್ಕಾ ಹೇಳಿದ್ದನ್ನು ಒಂದಿಷ್ಟೂ ಮೀರಲಿಲ್ಲ. ಇಡೀ ಮಾತ್ರೆ ಮುಕ್ಕಾಲಾಯಿತು, ಅರ್ಧವಾಯಿತು, ಕಾಲಾಯಿತು, ಆಮೇಲೆ ದಿನ ಬಿಟ್ಟು ದಿನ. ಉಬ್ಬಸಕ್ಕೆ ಬೇರೆ ದಾರಿ ಹುಡುಕಿದರು, ಮೂತಿಗೆ ಮುಖವಾಡ ಹಿಡಿದು ಒತ್ತುವ ಪಂಪು. ಅದರ ಔಷಧಿ ಬಹುಮಟ್ಟಿಗೆ ಎದೆಯಲ್ಲೇ ಉಳಿಯುತ್ತದಂತೆ. ಶೆಡ್ಡಿಗೆ ಹೋಗುವುದು ಚಟ್ನಿಗೆ ಪೂರ್ತಿ ಬಂದ್. "ಇವತ್ತು ಮಾತ್ರೆ ದಿನಾನಾ ಆಂಟಿ, ರಜಾ ದಿನಾನಾ?" ಎಂದು ಹುಡುಗರು ಬೆಳಿಗ್ಗೆ ಕೇಳುವುದು ವಾಡಿಕೆಯಾಯಿತು. ಸೊಂಟದಷ್ಟು ದಪ್ಪ ತೋಳಿನ ಗಂಡಸರು ಬೆಕ್ಕಿನ ಉಸಿರು ಎಣಿಸುತ್ತಾ ನಿಲ್ಲುವುದನ್ನು ನೋಡಿ ನಾನು ಬೇಕಾದಷ್ಟು ಗೇಲಿ ಮಾಡಿದೆ. ನಾನೂ ಎಣಿಸುತ್ತಿದ್ದೆ, ಅದು ಬೇರೆ ಮಾತು.

ಕೊನೆಯ ಚೂರು ಮಾತ್ರೆಯೂ ಮುಗಿದಾಗ ಪ್ರಿಸ್ಕಾ ಎಚ್ಚರಿಕೆ ಹೇಳಿದಳು. "ಸುಮ್ಮನೆ ಮನೇಲಿರೋವಾಗ ಎಲ್ಲಾ ಸರಿ ಇದೆ ಅನ್ನಿಸುತ್ತೆ. ದೊಡ್ಡ ಹೆದರಿಕೆ ಬಂದಾಗಲೇ ಗೊತ್ತಾಗೋದು, ಗ್ರಂಥಿ ಎದ್ದಿದ್ಯೋ ಇಲ್ವೋ ಅಂತ. ಒಂದು ಮಾತ್ರೆ ಕೈಲಿ ಇಟ್ಕೊಂಡಿರಿ. ಮಂಕಾದ್ರೆ, ಊಟ ಬಿಟ್ರೆ, ತಕ್ಷಣ ಕೊಟ್ಟು ನನಗೆ ಫೋನ್ ಮಾಡಿ." ಮರ್ಲ್ ಆ ಮಾತ್ರೆಯನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಏಪ್ರನ್ ಜೇಬಿನಲ್ಲೇ ಇಟ್ಟುಕೊಂಡಳು.

ವಸಂತದ ಮೊದಲ ಶೆಡ್ಡು ಇನ್ನೂ ಉತ್ತರಕ್ಕೆ. ಉದ್ದ ದಾರಿ, ಹೊಸ ಬಿಡಾರ. ಎರಡನೇ ದಿನ, ಬೆಳಗಿನ ಸ್ಮೋಕೋಗೆ ಸ್ವಲ್ಪ ಮುಂಚೆ, ಸರಪಳಿ ಕಿತ್ತುಕೊಂಡ ಒಂದು ಕುರಿನಾಯಿ ನೇರವಾಗಿ ಅಡುಗೆಮನೆಗೆ ನುಗ್ಗಿತು. ಗಲಾಟೆ ಕೇಳಿ ನಾನು ಓಡಿದೆ. ಚಟ್ನಿ ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು, ಮೈಗೂದಲೆಲ್ಲ ಮುಳ್ಳಿನ ಹಾಗೆ ನಿಂತಿತ್ತು. ನಾಯಿ ಮೂತಿ ಚಾಚಿತು, ಚಟ್ನಿ ಅದರ ಮೂಗಿಗೆ ಬಾರಿಸಿ ಕಪಾಟಿನ ತುದಿಗೆ ಹಾರಿತು. ನಾಯಿ ಕುಂಯ್ ಎನ್ನುತ್ತಾ ಹೊರಗೋಡಿತು.

ಅಷ್ಟಕ್ಕೆ ಯಾರೂ ನಿಟ್ಟುಸಿರು ಬಿಡಲಿಲ್ಲ. ಕಳೆದ ಸಲವೂ ಹೆದರಿಕೆ ಆದದ್ದು ಮೊದಲು, ಮೈ ಕುಸಿದದ್ದು ಆಮೇಲೆ. ಮರ್ಲ್ ಡಬ್ಬಿ ತೆಗೆದು ಮಾತ್ರೆ ಅಂಗೈಯಲ್ಲಿಟ್ಟುಕೊಂಡು ಕಪಾಟಿನ ಕೆಳಗೆ ನಿಂತಳು. ಸ್ಮೋಕೋ ಗಂಟೆ ಹೊಡೆಯಿತು. ಚಹಾ ಆಗಿರಲಿಲ್ಲ. ಹುಡುಗರು ಬಾಗಿಲ ತನಕ ಬಂದರು, ಒಳಗೆ ನೋಡಿದರು, ಒಬ್ಬನೂ ಚಹಾ ಎಲ್ಲಿ ಎನ್ನಲಿಲ್ಲ. ಹೋನೆ ಬೂಟು ಕಳಚಿಟ್ಟು ಒಳಗೆ ಬಂದು ಕೆಟಲ್ ಒಲೆಗೆ ಏರಿಸಿದ.

"ಕೊಟ್ಟುಬಿಡ್ಲಾ ಡೆಸ್?" ಎಂದಳು ಮರ್ಲ್. "ಮಂಕಾದ ಹಾಗೆ ಕಾಣ್ತಾನಾ?"

"ತಾಳು. ಮುಖ ತೊಳ್ಕೊಳ್ತಾ ಇದಾನೆ."

ಚಟ್ನಿ ನಿಧಾನವಾಗಿ ಒಂದು ಪಂಜ ನೆಕ್ಕಿತು, ಇನ್ನೊಂದು ನೆಕ್ಕಿತು. ನಮ್ಮನ್ನೆಲ್ಲ ಒಮ್ಮೆ ನೋಡಿತು. ಕಪಾಟಿನಿಂದ ಮೇಜಿಗೆ ಇಳಿದು, ಮಧ್ಯಾಹ್ನಕ್ಕೆಂದು ತೆಗೆದಿಟ್ಟಿದ್ದ ತಟ್ಟೆಯಿಂದ ದೊಡ್ಡದೊಂದು ಚಾಪ್ ಕಚ್ಚಿ ಎಳೆದು, ಅಲ್ಲೇ ಮೇಜಿನ ಮೇಲೆ ಕೂತು ತಿನ್ನಲು ತೊಡಗಿತು. ತಿಂದಿತು. ಮೂಳೆ ಕಾಣುವ ತನಕ ತಿಂದಿತು.

ಮರ್ಲ್ ತಡೆಯಲಿಲ್ಲ. ಮೇಜಿಗೆ ಕೈಯೂರಿ ಅದು ತಿನ್ನುವುದನ್ನೇ ನೋಡುತ್ತಿದ್ದಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಲೆನ್‌ನನ್ನು ಮಣ್ಣು ಮಾಡಿದ ದಿನ ಕೂಡ ಅವಳು ಜನರ ಮುಂದೆ ಅತ್ತಿರಲಿಲ್ಲ.

"ಆ ರಸ ಅವನೇ ಮಾಡ್ಕೊಂಡ ಕಣೋ," ಎಂದಳು. "ನಾನು ಏನೂ ಕೊಡ್ಲಿಲ್ಲ. ಅವನ ಮೈ ತಾನೇ ಮಾಡ್ಕೊಂಡ್ತು."

ಮಾತ್ರೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ಬಾಗಿಲಲ್ಲಿ ಗುಂಪಾಗಿ ನಿಂತಿದ್ದ ಹುಡುಗರ ಕಡೆ ತಿರುಗಿದಳು.

"ಚಹಾ ತಡ ಆಯ್ತು," ಎಂದಳು. "ಕೂತ್ಕೊಳ್ಳಿ ಎಲ್ಲಾರೂ. ಇವತ್ತು ಒಳಗೇ ಕೂತ್ಕೊಳ್ಳಿ."